‘ಬ್ಯಾಂಕ್’ ಪದದ ಬೇರು ಹುಡುಕುವ ಬಗೆ

‘ಹಿ ಸ್ಯಾಟ್ ಆನ್ ದ ಬ್ಯಾಂಕ್’ ಎಂಬ ವಾಕ್ಯವನ್ನು ‘ಅವನು ಬ್ಯಾಂಕಿನ ಮೇಲೆ ಕುಳಿತನು’ ಎಂದು ಅನುವಾದಿಸಿದ ವಿದ್ಯಾರ್ಥಿಯನ್ನು ದೂರುವಂತಿಲ್ಲ. ಕನ್ನಡವು ಈ ಪದವನ್ನು ಹಣಕಾಸಿನ ದಾರಿಯಿಂದಲೇ ಎರವಲು ಪಡೆದು, ಕೊನೆಗೊಂದು ಉಕಾರ ಸೇರಿಸಿ ತನ್ನದಾಗಿಸಿಕೊಂಡಿರುವುದರಿಂದ, ನದಿಯ ದಡಕ್ಕೂ ಅದೇ ಹೆಸರಿದೆಯೆಂಬುದು ನಮಗೆ ತಟ್ಟನೆ ಹೊಳೆಯುವುದಿಲ್ಲ. ಇಂಥ ಪದದ ಅರ್ಥಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಬೇರು ಹಿಡಿದು ಹೋಗುವುದು ಮೇಲು.

ಮೊದಲು ಪದವಿರುವ ಏಳೆಂಟು ವಾಕ್ಯಗಳನ್ನು ಬರೆದುಕೊಂಡು, ಪ್ರತಿಯೊಂದರ ಎದುರಿಗೂ ಅಲ್ಲಿ ಹೊಂದುವ ಕನ್ನಡ ಪದವನ್ನು ಬರೆಯಿರಿ. ದಡ, ಹಣದ ಬ್ಯಾಂಕು, ಸ್ವಿಚ್ಚುಗಳ ಸಾಲು, ವಿಮಾನ ಒಂದು ಬದಿಗೆ ವಾಲುವುದು, ಒಬ್ಬರನ್ನು ನೆಚ್ಚಿಕೊಳ್ಳುವುದು ಎಂದು ಪಟ್ಟಿ ಬೆಳೆಯುತ್ತದೆ. ಬಳಿಕ ವ್ಯುತ್ಪತ್ತಿ, ಅಂದರೆ ಪದದ ಹುಟ್ಟು, ಕೊಡುವ ದೊಡ್ಡ ಇಂಗ್ಲಿಷ್ ನಿಘಂಟನ್ನು ತೆರೆದು, ಪದದ ತಲೆಯ ಮೇಲಿನ ಪುಟ್ಟ ಅಂಕಿಗಳನ್ನು ಗಮನಿಸಿ. 1, 2, 3 ಎಂದು ಬೇರೆ ಬೇರೆ ನಮೂದುಗಳಿದ್ದರೆ, ಆ ಪದಗಳು ಇಂಗ್ಲಿಷಿಗೆ ಬೇರೆ ಬೇರೆ ದಾರಿಗಳಲ್ಲಿ ಬಂದಿರಬಹುದೆಂದು ತಿಳಿಯಬೇಕು.

ದಡದ ‘ಬ್ಯಾಂಕ್’ ಸ್ಕ್ಯಾಂಡಿನೇವಿಯದ ಭಾಷೆಯಿಂದ ಸುಮಾರು 1200ರ ವೇಳೆಗೆ ಬಂದದ್ದು. ವಿಮಾನ ವಾಲುವ ಅರ್ಥವೂ ದಡದ ಇಳಿಜಾರಿನಿಂದಲೇ ಹುಟ್ಟಿತು. ಸಾಲು ಎಂಬ ಅರ್ಥದ್ದು ಹಳೆಯ ಫ್ರೆಂಚಿನದು, ಹುಟ್ಟು ಹಾಕಿ ಹಡಗು ನಡೆಸುವವರು ಕೂರುತ್ತಿದ್ದ ಬೆಂಚಿಗೆ ಸಂಬಂಧಿಸಿದ್ದು. ಹಣದ ‘ಬ್ಯಾಂಕ್’ 15ನೆಯ ಶತಮಾನದ ಕೊನೆಯಲ್ಲಿ ಬಂದಿತು. ನಾಣ್ಯ ವಿನಿಮಯ ಮಾಡುವವರು ಮುಂದಿಟ್ಟುಕೊಳ್ಳುತ್ತಿದ್ದ ಮೇಜನ್ನು ಇಟಲಿಯವರು ‘ಬಾಂಕ’ ಎನ್ನುತ್ತಿದ್ದರು. ‘ನೆಚ್ಚಿಕೊಳ್ಳು’ ಎಂಬ ಅರ್ಥ ಈ ಕವಲಿನದು. ಮೂರು ದಾರಿಗಳನ್ನೂ ಹಿಂದಕ್ಕೆ ಹಿಡಿದು ಹೋದರೆ ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳ ಒಂದೇ ಮೂಲ ಸಿಗುತ್ತದೆ.

ಇಷ್ಟಾದ ಮೇಲೆ ಬಳಗದ ಪದಗಳನ್ನು ಹುಡುಕಿ. ‘ಬೆಂಚ್’ ಅದೇ ಮೂಲದ್ದು, ಔತಣದ ‘ಬ್ಯಾಂಕ್ವೆಟ್’ ಎಂದರೆ ಮೊದಲಿಗೆ ಪುಟ್ಟ ಬೆಂಚು, ‘ಬ್ಯಾಂಕ್ರಪ್ಟ್’ ಎಂಬುದರ ಹಿಂದೆ ‘ಮುರಿದ ಮೇಜು’ ಎಂಬ ಇಟಾಲಿಯನ್ ಮಾತಿದೆ. ಆದರೆ ಇಲ್ಲಿ ಎಚ್ಚರ ಬೇಕು. ದಿವಾಳಿಯೆದ್ದವನ ಮೇಜನ್ನು ಜನ ನಿಜವಾಗಿಯೂ ಮುರಿಯುತ್ತಿದ್ದರೆಂಬ ಕಥೆ ಎಷ್ಟೇ ಸೊಗಸಾಗಿದ್ದರೂ, ಪದದ ರೂಪವನ್ನಷ್ಟೇ ಆಧರಿಸಿ ಅದನ್ನು ಚರಿತ್ರೆಯೆಂದು ಒಪ್ಪಬಾರದು.

ಕೊನೆಯದಾಗಿ, ಸಿಕ್ಕಿದ್ದನ್ನು ನಮ್ಮ ಭಾಷೆಯೊಂದಿಗೆ ಹೋಲಿಸಿ ನೋಡಿ. ಕೂರುವ ಜಾಗಕ್ಕೂ ನೀರಿನ ಅಂಚಿಗೂ ಹಣದ ವ್ಯವಹಾರಕ್ಕೂ ಒಂದೇ ಪದ ಹೇಗೆ ಸಾಧ್ಯವೆಂದು ಅಚ್ಚರಿಪಡುವವರು ‘ಕಟ್ಟೆ’ಯನ್ನು ನೆನೆದರೆ ಸಾಕು. ಸಂಜೆ ಹಿರಿಯರು ಕೂತು ಮಾತಾಡುವುದು ಅರಳಿಕಟ್ಟೆ, ನೀರನ್ನು ತಡೆದು ನಿಲ್ಲಿಸುವುದು ಕೆರೆಯ ಕಟ್ಟೆ, ದಾರಿಹೋಕರಿಂದ ತೆರಿಗೆ ವಸೂಲು ಮಾಡುತ್ತಿದ್ದದ್ದು ಸುಂಕದಕಟ್ಟೆ.