ಚಾರಣದ ಊಟಕ್ಕೆ ಹಗುರವಾದ ಬಟ್ಟಲನ್ನು ಆರಿಸಿಕೊಳ್ಳುವ ಬಗೆ

ಚಾರಣಕ್ಕೆ ಹೊರಡುವವರು ಬೆನ್ನಚೀಲ, ಬೂಟು, ಮಳೆಯಂಗಿಗಳ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಊಟದ ಬಟ್ಟಲನ್ನು ಮಾತ್ರ ಹೊರಡುವ ಬೆಳಗ್ಗೆ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೇ ಎತ್ತಿಕೊಳ್ಳುತ್ತಾರೆ. ರಾಣಿಪುರಂ ಅಥವಾ ಪೊಸಡಿಗುಂಪೆಗೆ ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿದು ಬರುವವರಿಗೆ ಇದರಿಂದ ದೊಡ್ಡ ತೊಂದರೆಯೇನೂ ಆಗದು. ಆದರೆ ಅಕ್ಕಿ, ಒಲೆ, ಪಾತ್ರೆಗಳನ್ನು ಬೆನ್ನ ಮೇಲೆಯೇ ಹೊತ್ತು ಎರಡು ಮೂರು ದಿನ ನಡೆಯುವವರಿಗೆ, ಅದರಲ್ಲೂ ಗಂಜಿ, ಸಾರು, ಮಜ್ಜಿಗೆಯಂಥ ನೀರಾದ ಊಟವಿಲ್ಲದೆ ತೃಪ್ತಿಯಾಗದ ಕಾಸರಗೋಡಿನ ನಮ್ಮಂಥವರಿಗೆ, ಬಟ್ಟಲಿನ ಆಯ್ಕೆ ಸಣ್ಣ ಸಂಗತಿಯಲ್ಲ.

ಹಗುರವೆಂದರೆ ತಕ್ಕಡಿಯಲ್ಲಿ ತೂಗುವ ಗ್ರಾಮು ಮಾತ್ರ ಎಂದು ತಿಳಿಯುವುದು ಸರಿಯಲ್ಲ. ಬೆಟ್ಟದ ನೆತ್ತಿಯಲ್ಲಿ ನೀರು ಸಿಗದ ಕಡೆ ಬಟ್ಟಲನ್ನು ತೊಳೆಯುವ ನೀರನ್ನೂ ನಾವೇ ಹೊರಬೇಕು, ಮತ್ತು ಅರ್ಧ ಲೀಟರ್ ನೀರೆಂದರೆ ಅರ್ಧ ಕಿಲೋ. ಐವತ್ತು ಗ್ರಾಮಿನ ದುಬಾರಿ ಬಟ್ಟಲಿನ ಮೂಲೆಯಲ್ಲಿ ಅನ್ನ ಅಂಟಿಕೊಂಡು ಊಟಕ್ಕೊಮ್ಮೆ ಒಂದು ಲೋಟ ನೀರು ಹೆಚ್ಚಾಗಿ ಬೇಕಾಗುವುದಾದರೆ, ನೂರು ಗ್ರಾಮಿನ ನಯವಾದ ಬಟ್ಟಲೇ ನಿಜವಾಗಿ ಹಗುರವಾದದ್ದು. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಅದರಲ್ಲಿ ಏನನ್ನು ಉಣ್ಣುತ್ತೇವೆ, ಅದನ್ನು ಎಷ್ಟು ನೀರಿನಲ್ಲಿ ತೊಳೆಯುತ್ತೇವೆ. ತೂಕದ ಲೆಕ್ಕ ಆಮೇಲೆ.

ಊಟದಿಂದಲೇ ಆರಂಭಿಸೋಣ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು, ಅಷ್ಟು ಇಂಧನವನ್ನು ಹೊರುವುದು ಕಷ್ಟ. ಹಾಗಾಗಿ ಚಾರಣದಲ್ಲಿ ಹೆಚ್ಚಿನವರು ನುಚ್ಚಿನ ಗಂಜಿ, ಅವಲಕ್ಕಿ, ಉಪ್ಪಿಟ್ಟು ಇಂಥವುಗಳನ್ನೇ ನೆಚ್ಚುತ್ತಾರೆ. ಇವೆಲ್ಲಕ್ಕೂ ಒಗ್ಗುವುದು ಆಳವಾದ, ಬಾಯಿ ಅಗಲವಿರುವ ಬಟ್ಟಲು. ಚಪ್ಪಟೆ ತಟ್ಟೆಯಲ್ಲಿ ಗಂಜಿಯ ತೆಳಿ ನಿಲ್ಲುವುದಿಲ್ಲ, ಗಾಳಿಗೆ ಬೇಗ ಆರುತ್ತದೆ, ಇಳಿಜಾರಿನಲ್ಲಿ ಕೂತು ಉಣ್ಣುವಾಗ ಚೆಲ್ಲುತ್ತದೆ. ದಿನವಿಡೀ ಏರಿ ಬಂದವರಿಗೆ ಒಂದು ಹೊತ್ತಿಗೆ ಅರ್ಧ ಲೀಟರಿನಷ್ಟು ಗಂಜಿ ಹಿಡಿಯುತ್ತದೆ. ಕಲಸಲು, ಕೈ ಆಡಿಸಲು ಅಂಚಿನಲ್ಲಿ ಎರಡು ಬೆರಳಷ್ಟು ಜಾಗ ಉಳಿಯಬೇಕು. ಈ ಲೆಕ್ಕದಲ್ಲಿ 600ರಿಂದ 700 ಮಿಲಿಲೀಟರ್ ಹಿಡಿಸುವ ಬಟ್ಟಲು ಸರಿಯಾದ ಅಳತೆ. ಇದಕ್ಕಿಂತ ಚಿಕ್ಕದಾದರೆ ಎರಡು ಸಲ ಬಡಿಸಿಕೊಳ್ಳಬೇಕಾಗುತ್ತದೆ, ದೊಡ್ಡದಾದರೆ ಚೀಲದಲ್ಲಿ ಜಾಗ ತಿನ್ನುತ್ತದೆ.

ಇನ್ನು ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆ. 600 ಮಿಲಿಲೀಟರಿನ ಅರ್ಧಗೋಲದಂಥ ಬಟ್ಟಲಿನ ಮೈ ಸುಮಾರು 270 ಚದರ ಸೆಂಟಿಮೀಟರ್ ಆಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲಿನಲ್ಲಿ ಅದನ್ನು ಮಾಡಿದರೆ ಸುಮಾರು 107 ಗ್ರಾಂ, ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂನಲ್ಲಿ 73 ಗ್ರಾಂ, 0.4 ಮಿಲಿಮೀಟರ್ ಟೈಟಾನಿಯಂನಲ್ಲಿ 49 ಗ್ರಾಂ, ಒಂದೂವರೆ ಮಿಲಿಮೀಟರ್ ದಪ್ಪದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನಲ್ಲಿ 37 ಗ್ರಾಂ ತೂಗುತ್ತದೆ. ಅಂಚು, ಹಿಡಿ, ತಳದ ದಪ್ಪ ಸೇರಿದಾಗ ಅಂಗಡಿಯ ಬಟ್ಟಲು ಇದಕ್ಕಿಂತ ಸ್ವಲ್ಪ ಹೆಚ್ಚೇ ತೂಗುತ್ತದೆಯಾದರೂ, ಒಂದಕ್ಕೊಂದು ಇರುವ ಅಂತರ ಇದರಿಂದ ತಿಳಿಯುತ್ತದೆ. ದುಬಾರಿ ಲೋಹಕ್ಕಿಂತ ಒಳ್ಳೆಯ ಪ್ಲಾಸ್ಟಿಕ್ಕೇ ಹಗುರ ಎಂಬುದನ್ನು ಗಮನಿಸಿ.

ಬಿಸಿ ಊಟಕ್ಕೆ ಪ್ಲಾಸ್ಟಿಕ್ ಆರಿಸುವುದಾದರೆ ತಳವನ್ನು ಮಗುಚಿ, ತ್ರಿಕೋನದೊಳಗಿನ ಅಂಕಿಯನ್ನು ಓದಬೇಕು. 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಆಹಾರಕ್ಕೆಂದೇ ತಯಾರಾದದ್ದಾದರೆ ಕುದಿಯುವ ಗಂಜಿಯನ್ನು ಬಡಿಸಿದರೂ ಅದು ಆಕಾರಗೆಡುವುದಿಲ್ಲ. 1 ಎಂದಿರುವ ನೀರಿನ ಬಾಟಲಿಯ ಜಾತಿಯ ಪ್ಲಾಸ್ಟಿಕ್ 70 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. 6 ಎಂದಿರುವುದನ್ನು ಬಿಸಿ ಊಟಕ್ಕೆ ಬಳಸಲೇಬಾರದು. ಮದುವೆಮನೆಗಳಲ್ಲಿ ಕಾಣುವ ಮೆಲಮೈನ್ ಬಟ್ಟಲು ನೋಡಲು ಚೆಂದ, ಆದರೆ ಭಾರ, ಮತ್ತು ಬಿಸಿಯಾದ ಹುಳಿ ಪದಾರ್ಥಕ್ಕೆ ತಕ್ಕದ್ದಲ್ಲ. ಮೊಸರಿನ ಡಬ್ಬಿಗೆ 5ರ ಗುರುತಿದ್ದರೂ ಅದರ ಗೋಡೆ ತೀರ ತೆಳು, ಮತ್ತೆ ಮತ್ತೆ ಬಿಸಿ ಹಾಕಲು ಮಾಡಿದ್ದಲ್ಲ. ಮೊಸರವಲಕ್ಕಿಯಂಥ ತಣ್ಣನೆಯ ಊಟಕ್ಕೆ ಬಳಸಬಹುದು.

ಪಾಲಿಪ್ರೊಪಿಲೀನಿನ ವಿಷಯದಲ್ಲಿ ನಮ್ಮ ಅಡುಗೆಯವರು ನೆನಪಿಡಬೇಕಾದ ಅಪಾಯವೊಂದಿದೆ. ಅದು ಕರಗುವುದು ಸುಮಾರು 160 ಡಿಗ್ರಿಯಲ್ಲಿ. ನೀರಿರುವ ಯಾವ ಪದಾರ್ಥವೂ ಬೆಟ್ಟದ ಮೇಲೆ 100 ಡಿಗ್ರಿಯನ್ನು ದಾಟದು, ಎತ್ತರಕ್ಕೆ ಹೋದಷ್ಟೂ ಇನ್ನೂ ಕಡಿಮೆಯಲ್ಲೇ ಕುದಿಯುತ್ತದೆ. ಆದರೆ ಒಗ್ಗರಣೆಯ ಎಣ್ಣೆಗೆ ಆ ಮಿತಿಯಿಲ್ಲ. ಸಾಸಿವೆ ಚಟಪಟ ಎನ್ನುತ್ತಿರುವ ಎಣ್ಣೆಯನ್ನು ಬಟ್ಟಲಿನ ಅವಲಕ್ಕಿಯ ಮೇಲೆ ನೇರವಾಗಿ ಸುರಿದರೆ, ಎಣ್ಣೆ ಗೋಡೆಗೆ ತಾಗಿದಲ್ಲಿ ಪ್ಲಾಸ್ಟಿಕ್ ಸುಕ್ಕುಗಟ್ಟಿ ಹಾಳಾಗುತ್ತದೆ. ಒಗ್ಗರಣೆಯನ್ನು ಅಡುಗೆಯ ಪಾತ್ರೆಯಲ್ಲೇ ಮುಗಿಸಿ, ಆಮೇಲೆ ಬಡಿಸಿಕೊಳ್ಳಬೇಕು. ಅರಿಶಿನದ ಕಲೆ ಈ ಪ್ಲಾಸ್ಟಿಕ್ಕಿಗೂ ಸಿಲಿಕೋನಿಗೂ ಬೇಗ ಹತ್ತುತ್ತದೆ. ತೊಳೆದು ಬಿಸಿಲಿಗಿಟ್ಟರೆ ಬಹುಮಟ್ಟಿಗೆ ಮಾಸುತ್ತದೆ, ಹಾಗಾಗಿ ಅದಕ್ಕೆ ಚಿಂತಿಸಬೇಕಾಗಿಲ್ಲ.

ಅಲ್ಯೂಮಿನಿಯಂ ಹಗುರವೂ ಅಗ್ಗವೂ ಹೌದು. ಆದರೆ ಅದು ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಬಡಿಸಿದ ಕ್ಷಣದಲ್ಲೇ ಅಂಚು ತುಟಿ ಸುಡುತ್ತದೆ, ಸ್ವಲ್ಪ ಹೊತ್ತಿನಲ್ಲೇ ಊಟ ತಣ್ಣಗಾಗುತ್ತದೆ. ಹುಣಸೆಹಣ್ಣು, ಪುನರ್ಪುಳಿ, ಮಜ್ಜಿಗೆ ಇವು ಅದರ ಮೈಯನ್ನು ತಿಂದು ಲೋಹದ ರುಚಿಯನ್ನು ಬಿಡುತ್ತವೆ. ಕೊಳ್ಳಲೇಬೇಕೆಂದಿದ್ದರೆ ಆನೊಡೈಸ್ ಮಾಡಿದ್ದನ್ನೇ, ಎಂದರೆ ಮೈಮೇಲೆ ಗಟ್ಟಿಯಾದ ಆಕ್ಸೈಡ್ ಪದರ ಬರಿಸಿದ್ದನ್ನೇ ಕೊಳ್ಳಿ. ಟೈಟಾನಿಯಂನಲ್ಲಿ ಈ ಯಾವ ದೋಷವೂ ಇಲ್ಲ. ಆದರೂ ಸ್ಟೀಲಿನ ಹಲವು ಪಟ್ಟು ಬೆಲೆ ತೆತ್ತು ಐವತ್ತರವತ್ತು ಗ್ರಾಂ ಉಳಿಸುವುದು, ಹಿಮಾಲಯದ ದೀರ್ಘ ಚಾರಣಗಳಿಗೆ ಮತ್ತೆ ಮತ್ತೆ ಹೋಗುವವರಿಗಲ್ಲದೆ ಬೇರೆಯವರಿಗೆ ಅಗತ್ಯವೆಂದು ನನಗೆ ಅನ್ನಿಸುವುದಿಲ್ಲ. ಮಡಚುವ ಸಿಲಿಕೋನ್ ಬಟ್ಟಲು ಚೀಲದಲ್ಲಿ ಜಾಗ ಉಳಿಸುತ್ತದೆ ನಿಜ. ಆದರೆ ಅದರ ಪ್ರತಿಯೊಂದು ಮಡಿಕೆಯಲ್ಲೂ ನುಚ್ಚು ಸಿಕ್ಕಿಕೊಳ್ಳುತ್ತದೆ, ಒಂದೇ ಕೈಯಲ್ಲಿ ಎತ್ತಿದಾಗ ಗೋಡೆ ಬಳುಕಿ ಬಿಸಿ ಗಂಜಿ ಮೈಮೇಲೆ ಚೆಲ್ಲುವ ಭಯವಿರುತ್ತದೆ. ಗಂಜಿ ಉಣ್ಣುವವರು ಅದರ ಗೊಡವೆಗೆ ಹೋಗದಿರುವುದೇ ಲೇಸು.

ಸ್ಟೀಲನ್ನು ಭಾರವೆಂದು ತಳ್ಳಿಹಾಕುವವರಿಗೆ ನಾನು ಹೇಳುವುದಿಷ್ಟೆ: ಕಾಸರಗೋಡು, ಕುಂಬಳೆ, ಬದಿಯಡ್ಕ, ಎಲ್ಲಿಯಾದರೂ ಸರಿ, ಪಾತ್ರೆ ಅಂಗಡಿಗೊಮ್ಮೆ ಹೋಗಿ ನೋಡಿ. ಸ್ಟೀಲ್ ಪಾತ್ರೆಗಳನ್ನು ತೂಕಕ್ಕೆ ಮಾರುವ ಅಂಗಡಿಯಲ್ಲಿ ತಕ್ಕಡಿ ಮೇಜಿನ ಮೇಲೆಯೇ ಇರುತ್ತದೆ. ಒಂದೇ ಗಾತ್ರದಂತೆ ಕಾಣುವ ನಾಲ್ಕೈದು ಬಟ್ಟಲುಗಳನ್ನು ಒಂದೊಂದಾಗಿ ತೂಗಿಸಿದರೆ, ಕೆಲವು ಮತ್ತೊಂದರ ಅರ್ಧದಷ್ಟೇ ತೂಗುವುದು ಕಾಣುತ್ತದೆ. ಮನೆಬಳಕೆಗೆ ಭಾರವಾದದ್ದನ್ನು ಹುಡುಕುವವರೇ ಹೆಚ್ಚಾದ್ದರಿಂದ, ತೆಳ್ಳಗಿನದನ್ನು ಕೇಳುವ ಗಿರಾಕಿಗೆ ಅದು ಕಡಿಮೆ ಬೆಲೆಗೇ ಸಿಗುತ್ತದೆ. ಆರಿಸಿದ ಮೇಲೆ ತೋರುಬೆರಳನ್ನು ಅಂಚಿನ ಸುತ್ತ ಒಮ್ಮೆ ಆಡಿಸಿ. ಅಂಚನ್ನು ಹೊರಕ್ಕೆ ಸುರುಳಿಯಾಗಿ ಮಡಚಿದ್ದರೆ ಕೈಗೆ ಗೀರುವುದಿಲ್ಲ, ಹಿಡಿಯಲು ಅನುಕೂಲ. ಆದರೆ ಸುರುಳಿ ಪೂರ್ತಿ ಮುಚ್ಚಿಕೊಳ್ಳದೆ ಉಗುರು ಹೋಗುವಷ್ಟು ಸಂದು ಉಳಿದಿದ್ದರೆ ಅದರೊಳಗೆ ತೊಳೆದ ನೀರು ನಿಂತು, ಎರಡನೆಯ ದಿನಕ್ಕೆ ವಾಸನೆ ಬರುತ್ತದೆ. ಅದೇ ಬೆರಳನ್ನು ಒಳಗೆ ತಳ ಮತ್ತು ಗೋಡೆ ಕೂಡುವಲ್ಲಿ ಇಟ್ಟು ನೋಡಿ. ಬೆರಳಿನ ತುದಿ ಎಲ್ಲೂ ತಡೆಯದೆ ಜಾರಿದರೆ, ಊಟದ ಕೊನೆಯ ಅಗುಳನ್ನೂ ಅದೇ ಬೆರಳಿನಿಂದ ಬಳಿದು ತೆಗೆಯಬಹುದು. ಕೊನೆಗೆ ಅಡುಗೆಯ ಪಾತ್ರೆಯನ್ನು ಜೊತೆಗೆ ಒಯ್ದು, ಬಟ್ಟಲು ಅದರೊಳಗೆ ಕೂರುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ. ಮುಚ್ಚಳದಂತೆ ಮೇಲೆ ಕೂರುವಂತಿದ್ದರೆ ಇನ್ನೂ ಒಳ್ಳೆಯದು, ಮುಚ್ಚಳದ ತೂಕ ಉಳಿಯಿತು.

ಒಬ್ಬರೇ ಹೋಗುವವರು ಬಟ್ಟಲನ್ನೇ ಬಿಟ್ಟು ಬೇಯಿಸಿದ ಪಾತ್ರೆಯಲ್ಲೇ ಉಣ್ಣಬಹುದು ಎಂಬ ಸಲಹೆಯೂ ಇದೆ, ತೂಕದ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ. ಆದರೆ ನಮ್ಮ ಮನೆಗಳಲ್ಲಿ ಬೇಯಿಸಿದ ಪಾತ್ರೆಗೆ ಎಂಜಲು ತಾಗಿಸುವ ಪದ್ಧತಿಯಿಲ್ಲ. ಜೊತೆಗಾರರಿದ್ದಾಗ ಈ ನಿಯಮವನ್ನು ಕಾಡಿನಲ್ಲೂ ಪಾಲಿಸುವುದು ಆರೋಗ್ಯದ ದೃಷ್ಟಿಯಿಂದಲೂ ಸರಿ.

ಒಂದು ದಿನದ ತಿರುಗಾಟಕ್ಕೆ ತೋಟದಲ್ಲಿ ಬಿದ್ದಿರುವುದೇ ಸಾಕು. ಅಡಿಕೆ ಹಾಳೆಯಿಂದ ಒತ್ತಿ ಮಾಡಿದ ಬಟ್ಟಲು ಬಹಳ ಹಗುರ, ಬಿಸಿಯನ್ನು ಕೈಗೆ ತಾಗಿಸುವುದಿಲ್ಲ, ತೊಳೆಯುವ ಕೆಲಸವೂ ಇಲ್ಲ. ನೀರಾದ ಊಟವನ್ನು ಬಹಳ ಹೊತ್ತು ಇಟ್ಟರೆ ಅದು ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಒದ್ದೆ ಚೀಲದಲ್ಲಿಟ್ಟರೆ ಬೂಸಲು ಹಿಡಿಯುತ್ತದೆ. ಆದ್ದರಿಂದ ಎರಡನೆಯ ದಿನಕ್ಕೆ ಅದನ್ನು ನಂಬುವಂತಿಲ್ಲ. ಕರಗಿಹೋಗುವ ವಸ್ತುವೆಂದು ಕಾಡಿನಲ್ಲಿ ಎಸೆಯದಿರಿ, ಉಪ್ಪಿನ ಆಸೆಗೆ ಪ್ರಾಣಿಗಳು ದಾರಿಯ ಬಳಿಗೆ ಬರುತ್ತವೆ. ಮಡಚಿ ಮನೆಗೆ ತಂದು ಗೊಬ್ಬರದ ಗುಂಡಿಗೆ ಹಾಕಿ. ಕೆತ್ತಿ ನಯಗೊಳಿಸಿದ ತೆಂಗಿನ ಗೆರಟೆ ಕೈಯಲ್ಲಿ ಹಿಡಿಯಲು ಬಹಳ ಹಿತ, ಆದರೆ ಕಾಲು ಲೀಟರಿನ ಆಸುಪಾಸು ಮಾತ್ರ ಹಿಡಿಸುವುದರಿಂದ ಚಹಾಕ್ಕೋ ಪಾಯಸಕ್ಕೋ ಸರಿ. ಚಮಚಕ್ಕೆ ಹಲಸಿನ ಎಲೆಯನ್ನು ಸುರುಳಿ ಮಾಡಿ ಕಡ್ಡಿ ಚುಚ್ಚಿಕೊಂಡರೆ ಗಂಜಿಗೆ ಅದಕ್ಕಿಂತ ಹಗುರವಾದದ್ದು ಬೇರೆ ಇಲ್ಲ.

ಕೊಂಡ ಬಟ್ಟಲನ್ನು ಹೊರಡುವ ಮೊದಲು ಮನೆಯಲ್ಲೇ ಪರೀಕ್ಷಿಸಬೇಕು. ಕುದಿಯುವ ಗಂಜಿಯನ್ನು ತುಂಬಿ, ಮೇಜಿನ ಹಂಗಿಲ್ಲದೆ ನೆಲದ ಮೇಲೆ ಕೂತು ಅಂಗೈಯಲ್ಲಿಟ್ಟು ಊಟ ಮುಗಿಸಿ. ಕೆಳಗಿಡದೆ ಹಿಡಿಯಲಾಗದಿದ್ದರೆ ತಳಕ್ಕೆ ಮಡಚಿದ ಕರವಸ್ತ್ರ ಸಾಕೇ, ಅಥವಾ ಬಟ್ಟಲನ್ನೇ ಬದಲಿಸಬೇಕೇ ಎಂಬುದು ಅಲ್ಲೇ ತಿಳಿಯುತ್ತದೆ. ನಂತರ ಒಂದೇ ಒಂದು ಲೋಟ ನೀರಿನಲ್ಲಿ ಅದನ್ನು ತೊಳೆಯಲು ಪ್ರಯತ್ನಿಸಿ. ಪರೀಕ್ಷೆಯ ಊಟದಲ್ಲಿ ತೆಂಗಿನೆಣ್ಣೆ ಇರಲಿ, ಏಕೆಂದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಊರಿನ ಸೆಕೆಯಲ್ಲಿ ಸಲೀಸಾಗಿ ಹೋಗುವ ಜಿಡ್ಡು ಬೆಟ್ಟದ ಚಳಿಯಲ್ಲಿ ಮೇಣದಂತೆ ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಇನ್ನಷ್ಟು ಗಟ್ಟಿಯಾಗಿ. ಇದಕ್ಕೆ ಪರಿಹಾರ ಸುಲಭ: ಊಟ ಮುಗಿದೊಡನೆ ಬಿಸಿ ತೆಳಿಯನ್ನೋ ಬಿಸಿನೀರನ್ನೋ ಅದೇ ಬಟ್ಟಲಿಗೆ ಹಾಕಿ, ಬೆರಳಿನಿಂದ ಸುತ್ತ ಬಳಿದು ಕುಡಿದುಬಿಡಬೇಕು. ಉಳಿದದ್ದನ್ನು ಒಂದು ಹಿಡಿ ತೆಂಗಿನ ನಾರಿನಿಂದ ಉಜ್ಜಿ, ಆ ನೀರನ್ನು ತೋಡಿನಿಂದ 60 ಮೀಟರಿನಷ್ಟು ದೂರದಲ್ಲಿ ಮಣ್ಣಿಗೆ ಚೆಲ್ಲಿ. ಬಟ್ಟಲು ಒಣಗುವ ಮೊದಲೇ ಹೊರಡಬೇಕಾಗಿ ಬಂದರೆ ಅದನ್ನು ಪಾತ್ರೆಯೊಳಗೆ ಮುಚ್ಚಿಡದೆ, ಚೀಲದ ಹೊರಗೆ ಬಾಯಿ ಕೆಳಗಾಗುವಂತೆ ಕಟ್ಟಿಕೊಳ್ಳಿ.