ಫೈಟರ್ ಪೈಲಟ್‌ಗೆ ನುಡಿನಮನ: ಫ್ಲೆಕ್ಸ್‌ಗಿಂತ ಮೊದಲು ಲಾಗ್‌ಬುಕ್

ಮಂಗಳೂರು, ಉಡುಪಿ ಕಡೆ ಉತ್ತರಕ್ರಿಯೆಯ ದಿನವೇ ನುಡಿನಮನ ಇಡುವುದು ರೂಢಿ. ತಯಾರಿಗೆ ಸಿಗುವುದು ಹತ್ತು ಹನ್ನೊಂದು ದಿನ, ಅದರಲ್ಲೂ ಮನೆಯವರಿಗೆ ಪುರುಸೊತ್ತಿಲ್ಲ. ಅಗಲಿದವರು ಯುದ್ಧದಲ್ಲಿ ಫೈಟರ್ ಹಾರಿಸಿ, ಆಮೇಲೆ ಏರ್‌ಶೋಗಳಲ್ಲಿ ಕಸರತ್ತು ತೋರಿಸಿದ ಹಿರಿಯರಾದರೆ ಮೊದಲ ದಿನವೇ ಅವರ ಲಾಗ್‌ಬುಕ್, ಅಂದರೆ ಹಾರಾಟಗಳ ದಾಖಲೆ ಪುಸ್ತಕ, ಹುಡುಕಿ. ‘ಧೀರ’, ‘ಅಪ್ರತಿಮ’ ಎಂಬ ವಿಶೇಷಣಗಳೆಲ್ಲ ಆಮೇಲೆ.

ಲಾಗ್‌ಬುಕ್‌ನ ಒಂದು ಸಾಲು ಎಂದರೆ ಒಂದು ಹಾರಾಟ: ತಾರೀಕು, ವಿಮಾನದ ಮಾದರಿ, ಅದರ ನಂಬರ್, ಕೆಲಸ, ಅವಧಿ. ಸ್ಕ್ವಾಡ್ರನ್‌ಗಳ (ವಾಯುಪಡೆಯ ತುಕಡಿಗಳ) ಹೆಸರು, ಹಾರಿಸಿದ ಮಾದರಿಗಳು, ಒಟ್ಟು ಗಂಟೆಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. 1965ರ ಸೆಪ್ಟೆಂಬರ್ 1ರಿಂದ 23, 1971ರ ಡಿಸೆಂಬರ್ 3ರಿಂದ 17, ಪಾಕಿಸ್ತಾನದ ಜೊತೆಗಿನ ಈ ಎರಡು ಯುದ್ಧಗಳ ಪುಟಗಳನ್ನು ಮಾತ್ರ ಸಾಲು ಸಾಲಾಗಿ ಓದಿ. ನಂಬರ್ ‘ಬಿಎ’ ಎಂದು ಶುರುವಾದರೆ ಬ್ರಿಟನ್ನಿನ ಹಂಟರ್ ಫೈಟರ್, ‘ಬಿಡಿ’ ಎಂದಿದ್ದರೆ ಬೆಂಗಳೂರಿನ ಎಚ್‌ಎಎಲ್‌ನ ಮಾರುತ್ ಫೈಟರ್. ಪೆನ್ನಿನಿಂದ ಗುರುತು ಹಾಕಬೇಡಿ. ಸ್ಕ್ಯಾನರ್ ಗಾಜಿನ ಮೇಲೆ ಮಗುಚಿ ಒತ್ತಿದರೆ ಹಳೆಯ ಹೊಲಿಗೆ ಬಿಟ್ಟೀತು. ಕಿಟಕಿಯ ಹತ್ತಿರ ಇಟ್ಟು ಮೇಲಿನಿಂದ ಮೊಬೈಲ್‌ನಲ್ಲಿ ತೆಗೆದರೆ ಸಾಕು.

ಪದಕಗಳೂ ಮಾತಾಡುತ್ತವೆ. ಪೂರ್ವಿ ಸ್ಟಾರ್ ಇದ್ದರೆ 1971ರಲ್ಲಿ ಪೂರ್ವದ ರಣರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ್ದು. ಸಂಗ್ರಾಮ್ ಮೆಡಲ್ ಒಂದೇ ಇದ್ದರೆ ಆಗ ಸೇವೆಯಲ್ಲಿದ್ದರು ಎಂದಷ್ಟೇ ಅರ್ಥ. ‘ಶತ್ರುವಿಮಾನ ಉರುಳಿಸಿದರು’ ಎಂದು ಅದರ ಮೇಲೆ ಕಟ್ಟಬೇಡಿ. ದಾಖಲೆಯ ಬೆಲೆ ಗೊತ್ತಾಗಬೇಕಾದರೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನು ನೆನೆಯಿರಿ: 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಯಲ್ಲಿ ಮಿಸ್ಟೇರ್ ವಿಮಾನದಿಂದ ಶತ್ರುವಿನ ಸ್ಟಾರ್‌ಫೈಟರ್ ಒಂದನ್ನು ಹೊಡೆದು ತಾವೂ ಮಡಿದರು. ಅದು ಇಲ್ಲಿ ದಾಖಲಾಗದ ಕಾರಣ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪದಕಗಳನ್ನು ಬ್ರಾಸೊ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ, ರಿಬ್ಬನ್‌ಗೆ ಕಲೆ ಹಿಡಿಯುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಫ್ಲೆಕ್ಸ್‌ನಲ್ಲಿ. ಡಿಸೈನ್ ಮಾಡುವ ಹುಡುಗ ಗೂಗಲ್‌ನಿಂದ ಈಗಿನ ಯಾವುದೋ ಸುಖೋಯ್ ಫೈಟರ್‌ನ ಚಿತ್ರ ಎತ್ತಿ ಹಾಕಿರುತ್ತಾನೆ. ವಾಯುಪಡೆಯ ಕಸರತ್ತು ತಂಡಗಳ ಪೈಕಿ 1982ರ ಥಂಡರ್‌ಬೋಲ್ಟ್ಸ್‌ನವರಾದರೆ ಹಂಟರ್ ಚಿತ್ರ ಬೇಕು. ಸೂರ್ಯಕಿರಣ್ ಎಂದಾದರೆ ವರ್ಷ ನೋಡಿ: 1996ರಲ್ಲಿ ಬೀದರ್‌ನಲ್ಲಿ ಶುರುವಾದಾಗ ಕಿರಣ್ ಮಾರ್ಕ್ 2, ಈಗಿನ ಹಾಕ್ ಬಂದದ್ದು 2011ರ ನಂತರ. ಕಿರಣ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ, ಹಾಕ್‌ನಲ್ಲಿ ಹಿಂದೆ ಮುಂದೆ. ಗುರುತಿಗೆ ಇಷ್ಟು ಸಾಕು.

4×6 ಇಂಚಿನ ಹಳೆಯ ಫೋಟೋವನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್; 4×6 ಅಡಿಯ ಫ್ಲೆಕ್ಸ್‌ಗೆ ಇಂಚಿಗೆ 50ರಂತೆ ಬರುತ್ತದೆ, ದೂರದಿಂದ ನೋಡಲು ಅಡ್ಡಿಯಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಮಾತಿಗೆ ಇಬ್ಬರೇ ಸಾಕು, ತಲಾ ಎಂಟು ನಿಮಿಷ. ಒಬ್ಬರಾದರೂ ಹಾರಾಟದ ಬಗ್ಗೆಯೇ ಮಾತಾಡಲಿ, ಪೈಲಟ್‌ಗಳ ಹಾಗೆ ಎರಡೂ ಅಂಗೈಗಳನ್ನು ವಿಮಾನ ಮಾಡಿಕೊಂಡು. ಬಲಗೈ ಲೀಡರ್, ಎಡಗೈ ಅವನ ಪಕ್ಕದಲ್ಲೇ ಹಾರುವ ವಿಂಗ್‌ಮ್ಯಾನ್. ವಿಂಗ್‌ಮ್ಯಾನ್ ಎದುರಿನ ಆಕಾಶವನ್ನಾಗಲಿ ನೆಲವನ್ನಾಗಲಿ ನೋಡುವುದಿಲ್ಲ. ಲೀಡರ್‌ನ ವಿಮಾನದ ಮೇಲಿನ ಒಂದೆರಡು ಗುರುತುಗಳು ಒಂದೇ ಗೆರೆಗೆ ಬರುವಂತೆ ನೋಡುತ್ತ, ಅವನು ಉರುಳಿದರೆ ತಾನೂ ಉರುಳುತ್ತಾನೆ. 6 ಜಿ, ಅಂದರೆ ಭೂಮಿಯ ಎಳೆತದ ಆರು ಪಟ್ಟು ಎಳೆತದಲ್ಲಿ 70 ಕಿಲೋದ ಮನುಷ್ಯ 420 ಕಿಲೋ ತೂಗುತ್ತಾನೆ; ರಕ್ತ ಕಾಲಿಗಿಳಿದು ಕಣ್ಣು ಮಂಜಾಗುತ್ತದೆ. ಹಿಂದಿನ ಸಾಲಿನ ಮಕ್ಕಳೂ ಆಗ ತಲೆಯೆತ್ತುತ್ತಾರೆ.

ಬ್ಯೂಗಲ್ ಇದ್ದರೆ ಮೊದಲು ಲಾಸ್ಟ್ ಪೋಸ್ಟ್ ಎಂಬ ವಿದಾಯದ ರಾಗ, ಎರಡು ನಿಮಿಷ ಮೌನ, ಆಮೇಲೆ ಎಚ್ಚರಿಸುವ ರಾಗ ರೌಸ್. ಸೈನಿಕ ಗೌರವದ ಅಂತ್ಯಕ್ರಿಯೆಯಲ್ಲಿ ಪಾರ್ಥಿವ ಶರೀರಕ್ಕೆ ಹೊದಿಸುವ ಧ್ವಜದ ಕೇಸರಿ ತಲೆಯ ಕಡೆಗಿರಬೇಕು. ಧ್ವಜ ಚಿತೆಗೂ ಗುಂಡಿಗೂ ಹೋಗಕೂಡದು. ಸಭೆಯ ಮೇಜಿಗೆ ಅದನ್ನು ಹಾಸುವುದಂತೂ ತಪ್ಪೇ. ಡ್ರೋನ್‌ನಿಂದ ಹೂಮಳೆ ಎಂಬ ಉಮೇದು ಯಾರಿಗಾದರೂ ಬಂದರೆ ಬಜ್ಪೆ ವಿಮಾನ ನಿಲ್ದಾಣ ಹತ್ತಿರವಿದೆ ಎಂದು ನೆನಪಿಸಿ. ಅದರ ಗಡಿಯಿಂದ 5 ಕಿ.ಮೀ. ಒಳಗೆ ಕೆಂಪು ವಲಯ, ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಕಾರ್ಯಕ್ರಮ ಮುಗಿದ ದಿನವೇ ಲಾಗ್‌ಬುಕ್ ವಾಪಸ್ ಪಡೆಯಿರಿ. ಲ್ಯಾಮಿನೇಶನ್ ಬೇಡ, ಸೆಲೋಟೇಪ್ ಬೇಡ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಅದರ ನೀಲಿ ಹರಳು ಗುಲಾಬಿಗೆ ತಿರುಗಿದಾಗ ಬದಲಿಸಿ.