ದನಿಯಿಲ್ಲದ ‘ನೋಡೋಣ’

ಕಿರಿಯ ಗೆಳತಿಯೊಬ್ಬಳು ತನ್ನ ಮೊದಲ ಕಥೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ‘ಓದಿ ಹೇಳುತ್ತೀರಾ?’ ಎಂದು ಕೇಳಿದ್ದಳು. ಬೇರೊಂದು ಬರಹದ ಕರಡು ತಿದ್ದುವುದರಲ್ಲಿ ಮುಳುಗಿದ್ದ ನಾನು ‘ನೋಡೋಣ’ ಎಂದಷ್ಟೇ ಬರೆದು ಫೋನನ್ನು ಪಕ್ಕಕ್ಕಿಟ್ಟೆ. ಬಿಡುವಾದೊಡನೆ ಓದುತ್ತೇನೆ ಎಂಬುದು ನನ್ನ ಮನಸ್ಸಿನಲ್ಲಿತ್ತು. ಓದುವ ಇಷ್ಟವಿಲ್ಲ ಎಂಬುದು ಅವಳಿಗೆ ತಲುಪಿತು. ಎರಡು ವಾರಗಳ ಬಳಿಕ ಕಥೆಯನ್ನು ಓದಿ ನಾನೇ ಮಾತು ತೆಗೆದಾಗ, ಆವತ್ತಿನಿಂದ ಅದನ್ನು ಮುಟ್ಟುವ ಮನಸ್ಸೇ ಬರಲಿಲ್ಲ ಎಂದಳು.

ಎದುರಿಗಿದ್ದು ಆಡಿದ್ದರೆ ಅದೇ ಪದ ಕೆಡುತ್ತಿರಲಿಲ್ಲ. ‘ನೋಡೋಣ’ದ ನಡುವಿನ ಓಕಾರವನ್ನು ಎಳೆದರೆ ಅದು ಜಾರಿಕೊಳ್ಳುವ ಮಾತು, ಚುರುಕಾಗಿ ನುಡಿದರೆ ಒಪ್ಪಿಗೆ, ಬರಹದಲ್ಲಿ ಮಾತ್ರ ಎರಡಕ್ಕೂ ಒಂದೇ ರೂಪ. ‘ಸರಿ’, ‘ಆಯ್ತು’, ‘ಹೌದಾ’ ಇವೆಲ್ಲವೂ ದನಿಯ ಆಸರೆಯಲ್ಲಿ ಬದುಕುವ ಪದಗಳೇ. ಅಂದಿನಿಂದ ನಾನು ಯಾವುದೇ ಉತ್ತರವನ್ನು ಕಳಿಸುವ ಮೊದಲು ಒಮ್ಮೆ ಬೇಸರದ ದನಿಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಆ ದನಿಗೂ ಅದು ಸಲೀಸಾಗಿ ಒಗ್ಗಿಬಿಟ್ಟರೆ ಇನ್ನೊಂದು ವಾಕ್ಯ ಸೇರಿಸುತ್ತೇನೆ.

ಕನ್ನಡವನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕೆಂದು ನಾನು ಪಟ್ಟು ಹಿಡಿದದ್ದೂ ಇಂಥದೇ ಕಾರಣಕ್ಕೆ. ಓದುಗರೊಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಟೈಪಿಸಿ, ನಿಮ್ಮ ಬರಹದಲ್ಲಿ ‘ಕಲೆ’ ಇದೆ ಎಂದೋ ‘ಕಳೆ’ ಇದೆ ಎಂದೋ ತಿಳಿಯದ ಹಾಗೆ ಒಂದು ಸಾಲು ಕಳಿಸಿದ್ದರು. ‘ಕಲೆ’ ಎಂದು ಓದಿದರೆ ಕೌಶಲವೂ ಆಗಬಹುದು, ಬಟ್ಟೆಯ ಮೇಲಿನ ಕೊಳೆಯ ಗುರುತೂ ಆಗಬಹುದು. ‘ಕಳೆ’ ಎಂದು ಓದಿದರೆ ಮುಖದ ಕಾಂತಿಯೂ ಆಗಬಹುದು, ಪೈರಿನ ನಡುವೆ ಕೀಳಬೇಕಾದ ಹುಲ್ಲೂ ಆಗಬಹುದು. ಸಂಕೋಚದಿಂದಲೇ ಕೇಳಿದೆ, ಅವರು ಹೇಳಿದ್ದು ಕಾಂತಿಯನ್ನು. ಕನ್ನಡ ಲಿಪಿ ಈ ನಾಲ್ಕು ಅರ್ಥಗಳನ್ನು ಎರಡಕ್ಕಾದರೂ ಇಳಿಸುತ್ತಿತ್ತು. ಬೆಲೆ, ಬೆಳೆ, ಬೇಳೆಗಳಿಗೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಕಾಗುಣಿತ. ಕಂಪ್ಯೂಟರಿನಲ್ಲಿ ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು. ಅದರಲ್ಲಿ ಶಿಫ್ಟ್ ಕೀಲಿಯನ್ನು ಜೊತೆಗೆ ಒತ್ತಿದರೆ ‘ಲ’ ಇದ್ದದ್ದು ‘ಳ’ ಆಗುತ್ತದೆ. ಅಷ್ಟು ಸಣ್ಣ ಶ್ರಮವನ್ನು ಉಳಿಸಲು ಹೋಗಿ ಓದುವವರನ್ನು ಒಗಟಿಗೆ ಸಿಕ್ಕಿಸುವುದು ನನಗೆ ನ್ಯಾಯವೆನಿಸುವುದಿಲ್ಲ.

ದಿನಕ್ಕೊಂದು ಪದವನ್ನಾದರೂ ನಿಘಂಟಿನಲ್ಲಿ ನೋಡುವ ರೂಢಿ ನನಗಿದೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಈಗ ಅಂತರಜಾಲದಲ್ಲೇ ಸಿಗುವುದರಿಂದ ಅದಕ್ಕಾಗಿ ಎಲ್ಲಿಗೂ ಹೋಗಬೇಕಿಲ್ಲ. ಒಂದು ದಿನ ಹೀಗೆ ‘ಓಲೆ’ಯನ್ನು ಹಿಡಿದು ಹೊರಟೆ. ತಾಳೆಯ ಗರಿಗೆ ಇದ್ದ ಹೆಸರೇ ಅದರ ಮೇಲೆ ಬರೆದ ಕಾಗದಕ್ಕೂ, ಅದನ್ನು ಸುರುಳಿ ಸುತ್ತಿ ಕಿವಿಗಿಟ್ಟುಕೊಂಡ ಒಡವೆಗೂ ಬಂದಿದೆ. ಅಲ್ಲಿಂದ ‘ಬರೆ’ಗೆ ಬಂದರೆ, ಅಕ್ಷರ ಮೂಡಿಸುವುದೂ ಬರೆಯೇ, ಕಾದ ಕಬ್ಬಿಣ ಮೈಮೇಲೆ ಉಳಿಸುವ ಗುರುತೂ ಬರೆಯೇ. ಗೆಳತಿಗೆ ಕಳಿಸಿದ ಆ ಒಂದು ಪದ ನೆನಪಾಗಿ ನಾನು ಆ ಪುಟದಲ್ಲೇ ಬಹಳ ಹೊತ್ತು ನಿಂತೆ.

ಓಲೆಗರಿಯ ಮೇಲೆ ಕಂಠವೆಂಬ ಮೊನಚಾದ ಕಬ್ಬಿಣದ ಲೇಖನಿಯಿಂದ ಕೊರೆದಾಗ ಅಕ್ಷರ ಮೊದಲಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮಸಿಯನ್ನು ಸವರಿ ಒರೆಸಿದ ಮೇಲೆಯೇ ಗೀರುಗಳಲ್ಲಿ ಕಪ್ಪು ನಿಂತು ಸಾಲು ಮೇಲೇಳುತ್ತಿತ್ತು. ನನ್ನ ಫೋನಿನಲ್ಲಿ ಅಂಥ ಬಿಡುವಿಲ್ಲ. ವಾಟ್ಸ್‌ಆ್ಯಪ್ 2023ರಲ್ಲಿ, ಕಳಿಸಿದ ಮಾತನ್ನು 15 ನಿಮಿಷದೊಳಗೆ ತಿದ್ದಲು ಅವಕಾಶ ಕೊಟ್ಟಿತಾದರೂ, ತಿದ್ದುವ ಮೊದಲೇ ಓದಿಯಾಗಿದ್ದರೆ ಅದರಿಂದೇನು ಫಲ? ಹಾಗಾಗಿ ಉದ್ದದ ಉತ್ತರವನ್ನು ಮೊದಲು ಹಾಳೆಯಲ್ಲಿ ಬರೆದು, ಸ್ವಲ್ಪ ಹೊತ್ತು ಬಿಟ್ಟು ಓದಿ, ಆಮೇಲೆ ಟೈಪಿಸುತ್ತೇನೆ.

ಕಳೆದ ತಿಂಗಳು ಆ ಗೆಳತಿ ಮತ್ತೊಂದು ಕಥೆ ಕಳಿಸಿದಳು. ಆಗಲೂ ನನಗೆ ಬಿಡುವಿರಲಿಲ್ಲ. ‘ಕಥೆ ಬಂದದ್ದು ತುಂಬ ಸಂತೋಷ. ಭಾನುವಾರ ಬೆಳಿಗ್ಗೆ ಕೂತು ಓದುತ್ತೇನೆ, ಸಂಜೆಗೆ ಫೋನ್ ಮಾಡುತ್ತೇನೆ’ ಎಂದು ಬರೆದೆ. ಭಾನುವಾರ ಸಂಜೆ ನಾನು ಫೋನ್ ಮಾಡುವಷ್ಟರಲ್ಲಿ ಅವಳು ಎರಡನೆಯ ಕರಡನ್ನೂ ಮುಗಿಸಿದ್ದಳು.